ಸೀಗೆದೊಡ್ಡಿಯ ಡಬ್ಬಿಯಲ್ಲಿದ್ದ ಬೆಲ್ಲ

ಬಿಡದಿಯಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡು ಒಂದು ತಟ್ಟೆ ಇಡ್ಲಿ ಹೋಟೆಲ್ ಇತ್ತು. ಅದರ ಮೇಲಿನ ಮಹಡಿಯಲ್ಲಿ ಮುನೇಶ ಒಂದು ಆಫೀಸು ಇಟ್ಟುಕೊಂಡಿದ್ದ. ಎರಡು ಸಾವಿರದ ಒಂಬತ್ತನೇ ಇಸವಿಯ ಮಾತು. ಕೆಳಗಿನ ಇಡ್ಲಿ ಹಬೆ ಮೆಟ್ಟಿಲು ಹತ್ತಿಕೊಂಡು ಮೇಲೆ ಬರುತ್ತಿತ್ತು, ಕರೆಂಟು ಹೋದಾಗ ಯುಪಿಎಸ್ ಕುಂಯ್ ಕುಂಯ್ ಅನ್ನುತ್ತಿತ್ತು. ಆಫೀಸಿನ ಬೋರ್ಡಿನ ಅರ್ಧ ಭಾಗವನ್ನು ಹೋಟೆಲಿನ ಬೋರ್ಡು ಮುಚ್ಚಿಬಿಟ್ಟಿದ್ದರಿಂದ, ಮೇಲೆ ಏನು ನಡೆಯುತ್ತದೆ ಅಂತ ಬೀದಿಯವರಿಗೆ ಗೊತ್ತಿರಲಿಲ್ಲ. ಜೆರಾಕ್ಸ್ ಅಂಗಡಿ ಅಂದುಕೊಂಡು ರೇಷನ್ ಕಾರ್ಡು ಹಿಡಿದು ಮೆಟ್ಟಿಲು ಹತ್ತಿ ಬಂದವರೂ ಉಂಟು. ಅವರನ್ನು ಕೂರಿಸಿ, ನೀರು ಕೊಟ್ಟು, ಸರಿಯಾದ ಅಂಗಡಿ ತೋರಿಸಿ ಕಳಿಸುತ್ತಿದ್ದವಳು ಲತಾಮಣಿ.

ಲತಾಮಣಿ ರಾಮನಗರದ ಹುಡುಗಿ. ಅಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕುವ ಕೆಲಸದಲ್ಲಿದ್ದರು, ಅಮ್ಮ ಕಾವೇರಮ್ಮ ಮನೆ ನೋಡಿಕೊಳ್ಳುತ್ತಿದ್ದರು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದವಳು ಬೆಂಗಳೂರಿಗೇನೂ ಹೋಗಲಿಲ್ಲ. ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಹತ್ತಿ ಬಿಡದಿಯಲ್ಲಿ ಇಳಿದರೆ ಆಫೀಸು, ಸಂಜೆ ಅದೇ ರೈಲಿನಲ್ಲಿ ವಾಪಸು. ರೈಲಿನ ತುಂಬ ಕಾರ್ಖಾನೆಯ ಸಮವಸ್ತ್ರದ ಹುಡುಗರು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟಿಫನ್ ಕ್ಯಾರಿಯರ್. ಆ ದಿನಗಳಲ್ಲಿ ಎಲ್ಲರಿಗೂ ಎಲ್ಲೋ ಒಂದು ಕಡೆ ಕೆಲಸ ಸಿಕ್ಕಿತ್ತು. ಯಾರ ಹೊಲದ ಮೇಲೆ ಆ ಕೆಲಸ ಎದ್ದು ನಿಂತಿದೆ ಅನ್ನುವುದನ್ನು ಯಾರೂ ಬಹಳ ಕೇಳುತ್ತಿರಲಿಲ್ಲ.

ಲತಾಮಣಿಯ ಆಫೀಸಿಗೆ ಮಾತ್ರ ಅದನ್ನು ಕೇಳುವುದೇ ಕೆಲಸ. ಹಾರೋಹಳ್ಳಿ ಸುತ್ತಮುತ್ತ ಕೈಗಾರಿಕೆಗೆ ಅಂತ ಜಮೀನು ಹೋಗುತ್ತಿತ್ತು. ಹೋಗುವ ಮುಂಚೆ ಅಲ್ಲಿದ್ದ ಮನೆ, ಬಾವಿ, ಕೊಟ್ಟಿಗೆ, ಮರಮರವನ್ನೂ ಫೋಟೋ ತೆಗೆದಿಡಬೇಕು. ಮರಕ್ಕೆ ಸುಣ್ಣದಲ್ಲಿ ನಂಬರು ಬರೆಯುವುದು, ಬಾವಿಯ ಪಕ್ಕ ಜಮೀನಿನವರನ್ನು ನಿಲ್ಲಿಸಿ ಕೈಗೆ ನಂಬರಿನ ಸ್ಲೇಟು ಕೊಡುವುದು, ಕ್ಯಾಮೆರಾ ಒತ್ತುವುದು. ಈ ಕೆಲಸ ಒಂದು ಖಾಸಗಿ ಸರ್ವೇ ಕಂಪನಿಯದು. ಫೋಟೋ ತೆಗೆದು ಜೋಪಾನವಾಗಿಡುವ ಗುತ್ತಿಗೆ ಮುನೇಶನದು. ಚನ್ನಪಟ್ಟಣದ ನಿಯಾಜ್ ಬೈಕಿನಲ್ಲಿ ಊರೂರು ತಿರುಗಿ ಫೋಟೋ ತೆಗೆದು ತರುತ್ತಿದ್ದ. ಅವುಗಳನ್ನು ಇಡುವುದು ಎಲ್ಲಿ?

ಮುನೇಶನಿಗೆ ಹೊಸದೆಂದರೆ ಪ್ರಾಣ. ದೂರದ ದೇಶದ ಒಂದು ಕಂಪನಿ ತನ್ನ ಕಂಪ್ಯೂಟರುಗಳಲ್ಲಿ ಜಾಗ ಬಾಡಿಗೆಗೆ ಕೊಡುತ್ತದೆ, ಎಷ್ಟು ಇಡುತ್ತೀವೋ ಅಷ್ಟಕ್ಕೇ ದುಡ್ಡು ಅಂತ ಎಲ್ಲಿಂದಲೋ ಕೇಳಿಕೊಂಡು ಬಂದ. ಕ್ಲೌಡು ಅಂತ ಹೆಸರು. ಈಗ ಮಕ್ಕಳ ಬಾಯಲ್ಲೂ ಆ ಮಾತಿದೆ, ಆಗ ಬಿಡದಿಯಲ್ಲಿ ಕ್ಲೌಡು ಅಂದರೆ ಮಳೆ ಬರುತ್ತದೋ ಇಲ್ಲವೋ ಅಂತ ಜನ ಆಕಾಶ ನೋಡುತ್ತಿದ್ದರು.

ಆ ಜಾಗದಲ್ಲಿ ಫೋಟೋಗಳನ್ನು ಸುಮ್ಮನೆ ಸುರಿಯುವಂತಿಲ್ಲ. ಮೊದಲು ಒಂದು ಕಂಟೇನರ್ ಮಾಡಬೇಕು, ಅದಕ್ಕೊಂದು ಹೆಸರು ಕೊಡಬೇಕು, ಆಮೇಲೆ ಫೋಟೋಗಳನ್ನು ಅದರೊಳಗೆ ಕಳಿಸಬೇಕು. ಆಫೀಸಿನವರು ಅದನ್ನು ಡಬ್ಬಿ ಅನ್ನುತ್ತಿದ್ದರು. ಊರಿಗೊಂದು ಡಬ್ಬಿ. ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇಡುವಂತಿಲ್ಲ, ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸುವಂತಿಲ್ಲ. ಮೌಸ್ ಒತ್ತಿ ಮಾಡುವ ಕೆಲಸವೂ ಅಲ್ಲ ಅದು. ಬೆಳಿಗ್ಗೆ ಬಂದ ಕೂಡಲೇ ಹೆಸರು, ಗುಟ್ಟಿನ ಪದ ಹೇಳಿ ಆ ದಿನದ ಟೋಕನ್ ತೆಗೆದುಕೊಳ್ಳಬೇಕು. ಆಮೇಲೆ ಆ ಟೋಕನ್ ಜೊತೆಗೆ ಒಂದು ಸಾಲು ಬರೆದು ಕಳಿಸಬೇಕು: ಈ ವಿಳಾಸದಲ್ಲಿ ಈ ಹೆಸರಿನ ಡಬ್ಬಿ ಮಾಡು. ಅತ್ತ ಕಡೆಯಿಂದ ಒಂದು ನಂಬರು ಬರುತ್ತದೆ. ಇನ್ನೂರ ಒಂದು ಬಂದರೆ ಮಾಡಿದೆ ಅಂತ. ನಾನೂರ ನಾಲ್ಕು ಬಂದರೆ ಅಂಥ ಡಬ್ಬಿ ಇಲ್ಲ ಅಂತ. ಡಬ್ಬಿಯನ್ನು ತೆಗೆದುಹಾಕು ಅಂತ ಕಳಿಸಿದಾಗ ಅದರೊಳಗೆ ಏನಾದರೂ ಉಳಿದಿದ್ದರೆ ನಾನೂರ ಒಂಬತ್ತು. ಒಳಗೆ ಏನೋ ಇದೆ, ನಾನು ತೆಗೆಯಲ್ಲ ಅಂತ ಅದರ ಅರ್ಥ. ಈ ಕೊನೆಯ ಉತ್ತರ ಲತಾಮಣಿಗೆ ಬಹಳ ಹಿಡಿಸಿತ್ತು. ಯಾರೋ ಮನೆಯ ಹಿರಿಯರು ಅಡ್ಡ ನಿಂತು ಹೇಳಿದ ಹಾಗಿದೆ ಅನ್ನುತ್ತಿದ್ದಳು.

ಮೊದಲ ದಿನ ಮೊದಲ ಡಬ್ಬಿ ಮಾಡಿದಾಗ, ಒಳಗೇನಿದೆ ಅಂತ ಕೇಳಿದಳು. ಏನೂ ಇಲ್ಲ ಅಂತ ಉತ್ತರ ಬಂತು. ಬರಲೇಬೇಕಲ್ಲ, ಹೊಸ ಡಬ್ಬಿ. ಆದರೆ ಅವಳಿಗೆ ಯಾಕೋ ಕೈ ಆಡಲಿಲ್ಲ. ಕೆಳಗಿಳಿದು ಹೋಗಿ ಹೋಟೆಲಿನವರ ಹತ್ತಿರ ಒಂದು ಅಚ್ಚು ಬೆಲ್ಲ ಇಸಿದುಕೊಂಡು ಬಂದಳು. ಸಾಸರಿನ ಮೇಲಿಟ್ಟು ನಿಯಾಜನ ಕೈಲಿ ಒಂದು ಫೋಟೋ ತೆಗೆಸಿದಳು, ಅದನ್ನು ಚಿಕ್ಕದು ಮಾಡಿ, ಬೆಲ್ಲ ಅಂತ ಹೆಸರಿಟ್ಟು, ಡಬ್ಬಿಯೊಳಗೆ ಹಾಕಿದಳು. ನಿಜವಾದ ಬೆಲ್ಲವನ್ನು ಆಫೀಸಿನವರೆಲ್ಲ ಹಂಚಿಕೊಂಡು ತಿಂದರು.

"ಏನಮ್ಮಾ ಇದು, ಕಂಪ್ಯೂಟರ್‌ಗೂ ಮಡ್ಲು ತುಂಬ್ತಾ ಇದ್ದೀಯಲ್ಲ?" ಅಂತ ಪಕ್ಕದ ಕುರ್ಚಿಯ ಅಶ್ವಥ್ ರೇಗಿಸಿದ. ಅಶ್ವಥ್ ಮಾಗಡಿ ಕಡೆಯ ಕೆಂಪಾಪುರದವನು, ಬಾಯಿ ಜೋರು.

"ಖಾಲಿ ಪಾತ್ರೆ ಮಡಗ್ಬಾರ್ದು ಅಶ್ವಥಣ್ಣ. ನಮ್ಮಜ್ಜಿ ಬಯ್ತಾರೆ."

"ನಿಮ್ಮಜ್ಜಿ ಅಮೆರಿಕಾಗೆ ಹೋಗಿ ಡಬ್ಬಿ ಮುಚ್ಚಳ ತೆಗ್ದು ನೋಡ್ತಾರಾ?"

"ನೋಡುದ್ರೂ ನೋಡುದ್ರೇ" ಅಂದಳು ಲತಾಮಣಿ.

ಅಜ್ಜಿ ಅಂದರೆ ಕಾವೇರಮ್ಮನ ತಾಯಿ ದೊಡ್ಡಲಕ್ಷ್ಮಮ್ಮ. ಹಾರೋಹಳ್ಳಿಯಿಂದ ಒಳಕ್ಕೆ ನಡೆದರೆ ಸೀಗೆದೊಡ್ಡಿ ಅಂತ ಒಂದು ಪುಟ್ಟ ಊರಿತ್ತು, ಹಿಡಿಯಷ್ಟು ಮನೆಗಳು, ಬೇಲಿಯ ತುಂಬ ಸೀಗೆ. ಬೇಸಿಗೆ ರಜೆ ಬಂತೆಂದರೆ ಲತಾಮಣಿಯ ಠಿಕಾಣಿ ಅಲ್ಲೇ. ಬೆಳಗಾದರೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಸಂಜೆಯಾದರೆ ತಾತ ತಿಮ್ಮಯ್ಯನ ಬಾವಿಯ ರಾಟೆ ಕಿರ್ರ್ ಅನ್ನುವ ಸದ್ದು. ಆ ಬಾವಿಯನ್ನು ತಾತ ಹರೆಯದಲ್ಲಿ ತಾನೇ ತೋಡಿದ್ದು. ಮದುವೆಯಾದ ಹೊಸತರಲ್ಲಿ ಅಜ್ಜಿ ಮಣ್ಣು ಹೊತ್ತಿದ್ದಳು. ಬಾವಿಯ ವಿಷಯ ಬಂದರೆ ತಾತ ಆಳದ ಬಗ್ಗೆ ಮಾತಾಡುತ್ತಿದ್ದ, ಅಜ್ಜಿ ಮಣ್ಣಿನ ಬಗ್ಗೆ ಮಾತಾಡುತ್ತಿದ್ದಳು, ಕೊನೆಗೆ ಇಬ್ಬರೂ ಜಗಳಕ್ಕೆ ನಿಲ್ಲುತ್ತಿದ್ದರು. ನೋಡುವವರಿಗೆ ಅದೇ ಒಂದು ಸೊಗಸು.

ಆ ಊರಲ್ಲಿ ಪಾತ್ರೆಗಳು ಮನೆಯಿಂದ ಮನೆಗೆ ಸದಾ ಓಡಾಡುತ್ತಿದ್ದವು. ಒಬ್ಬರ ಮನೆಯಲ್ಲಿ ಅವರೆಕಾಳು ಸಾರು ಮಾಡಿದರೆ ಒಂದು ಬಟ್ಟಲು ಎದುರುಮನೆ ಅಂಕಯ್ಯನವರಿಗೆ, ಅವರು ಕಡುಬು ಮಾಡಿದರೆ ಒಂದು ತಟ್ಟೆ ಇತ್ತ. ಬಂದ ಪಾತ್ರೆಯನ್ನು ತೊಳೆದು ವಾಪಸು ಕಳಿಸುವಾಗ ಮಾತ್ರ ಖಾಲಿ ಕಳಿಸುವ ಹಾಗಿಲ್ಲ. ಒಂದು ಚೂರು ಬೆಲ್ಲ, ಇಲ್ಲವೇ ಹಿಡಿ ರಾಗಿ, ಅದೂ ಇಲ್ಲದಿದ್ದರೆ ಒಂದು ಎಸಳು ಕರಿಬೇವು. ಕೊಟ್ಟುಬರುವ ಕೆಲಸ ಲತಾಮಣಿಯದು. ಒಂದು ಸಲ ದಾರಿಯಲ್ಲೇ ಆ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಖಾಲಿ ಬಟ್ಟಲು ಕೊಟ್ಟು ಬಂದಳು. ಮಗುವಿನ ತುಟಿ ಅಂಟಂಟಾಗಿದ್ದು ಅಜ್ಜಿಯ ಕಣ್ಣಿಗೆ ಬೀಳದೆ ಇರುತ್ತದೆಯೇ?

"ತಿಂದಿದ್ಕೆ ಬಯ್ಯಾಕಿಲ್ಲ ಕಣ್ ಮಗ" ಅಂದಳು ಅಜ್ಜಿ. "ಬೇಕಿದ್ರೆ ಇನ್ನೊಂದ್ ತಿನ್ನು. ಆದ್ರೆ ಒಬ್ರ ಮನೆ ಪಾತ್ರೆ ಖಾಲಿ ಕೊಟ್ರೆ ನಮ್ಗೂ ಅವ್ರಿಗೂ ಮುಗೀತು ಅಂತಾಯ್ತದೆ. ಹೋಗು, ಇದ್ನ ಅವ್ರ ಕೈಗೆ ಕೊಟ್ಬುಟ್ಟು ಬಾ."

ಬಿಸಿಲಲ್ಲಿ ಇನ್ನೊಂದು ಚೂರು ಬೆಲ್ಲ ಹಿಡಿದು ಮತ್ತೆ ಆ ಮನೆಗೆ ಓಡಿದ್ದು ಲತಾಮಣಿಗೆ ಇವತ್ತಿಗೂ ನೆನಪಿದೆ. ಆ ದಿನಗಳೇ ಬೇರೆ ಅಂತ ಎಲ್ಲರೂ ಎಲ್ಲದಕ್ಕೂ ಹೇಳುತ್ತಾರೆ, ನನಗೆ ಕೇಳಿ ಕೇಳಿ ಬೇಜಾರಾಗಿದೆ. ಆದರೂ ಇದೊಂದಕ್ಕೆ ಹೇಳಬೇಕು. ಅಂಥ ಓಡಾಟ ಈಗ ಯಾವ ಬೀದಿಯಲ್ಲೂ ಕಾಣುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟು, ವಾಪಸು ಬೇಡ ಇಟ್ಟುಕೊಳ್ಳಿ ಅನ್ನುತ್ತೇವೆ.

ಹೀಗೆ ಊರಿಗೊಂದು ಡಬ್ಬಿ, ಡಬ್ಬಿಗೊಂದು ಬೆಲ್ಲ ಅಂತ ಕೆಲಸ ಸಾಗುತ್ತಿದ್ದಾಗ, ಒಂದು ದಿನ ಸರ್ವೇ ಕಂಪನಿಯಿಂದ ಬಂದ ಹೊಸ ಊರುಗಳ ಹೆಸರುಗಳಲ್ಲಿ ಸೀಗೆದೊಡ್ಡಿಯೂ ಇತ್ತು.

ಆ ಸುದ್ದಿ ಮನೆಗೆ ಹೊಸದೇನೂ ಅಲ್ಲ. ನೋಟಿಸು ಬಂದು ಬಹಳ ಕಾಲವಾಗಿತ್ತು, ಮಾತುಕತೆ ಮುಗಿದಿತ್ತು, ತಾತ ಅಜ್ಜಿ ಇಬ್ಬರೂ ರಾಮನಗರಕ್ಕೆ ಮಗಳ ಮನೆಗೆ ಬರುವುದೆಂದು ತೀರ್ಮಾನವಾಗಿತ್ತು. ಆದರೂ ತನ್ನ ಕೈಯಿಂದಲೇ ಆ ಹೆಸರು ಬರೆದು ಡಬ್ಬಿ ಮಾಡು ಅಂತ ಕಳಿಸಬೇಕಾದಾಗ ಲತಾಮಣಿ ಒಂದೊಂದೇ ಅಕ್ಷರ ನೋಡಿ ನೋಡಿ ಬರೆದಳು. ಇನ್ನೂರ ಒಂದು ಬಂತು. ಬೆಲ್ಲ ಹಾಕಿದಳು.

ನಿಯಾಜ್ ಹೋಗಿ ಫೋಟೋ ತೆಗೆದುಕೊಂಡು ಬಂದ. ಬಂದವನು ಕೂತು ನಗುನಗುತ್ತಾ ಹೇಳಿದ: "ನಿಮ್ ತಾತ ಏನ್ ಸತಾಯಿಸ್ಬಿಟ್ರು ಅಂತೀರ. ಬಾವಿ ಹತ್ರ ನಿಂತ್ಕೊಳಿ ಅಂದ್ರೆ, ಇರಪ್ಪಾ ಅಂತ ಒಳಗೋಗಿ ಬಿಳೀ ಅಂಗಿ ಹಾಕ್ಕೊಂಡು, ರುಮಾಲು ಸುತ್ಕೊಂಡು ಬಂದ್ರು. ಅಷ್ಟೊತ್ತಿಗೆ ಬಿಸ್ಲು ಹೋಗಿತ್ತು. ಮತ್ತೆ ಬಿಸ್ಲಿಗೆ ಕಾದು ತೆಗ್ದೆ." ಆಮೇಲೆ ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಲತಾಮಣಿಯ ಮುಂದಿಟ್ಟ. ಅಜ್ಜಿ ಕೊಟ್ಟು ಕಳಿಸಿದ ಒಬ್ಬಟ್ಟು. ಇಡೀ ಆಫೀಸು ತಿಂದಿತು, ಅಶ್ವಥ್ ಎರಡು ಪಾಲು ತಿಂದ.

ನಿಯಾಜ್ ತಂದ ಫೋಟೋಗಳು ಆಫೀಸಿನ ಕಂಪ್ಯೂಟರಿನಲ್ಲಿ ಸರದಿ ಕಾಯುತ್ತಿದ್ದವು. ಆಗಿನ ಇಂಟರ್ನೆಟ್ಟು ಈಗಿನ ಹಾಗಲ್ಲ, ಒಂದು ಊರು ಕಳಿಸುವಷ್ಟರಲ್ಲಿ ದಿನ ಕಳೆಯುತ್ತಿತ್ತು. ಸೀಗೆದೊಡ್ಡಿಗೂ ಜೊತೆಯ ಮೂರು ಊರಿಗೂ ಡಬ್ಬಿ ತಯಾರಿದ್ದವು, ಫೋಟೋ ಇನ್ನೂ ಹೋಗಿರಲಿಲ್ಲ.

ಆಗಲೇ ಬೆಲ್ಲದ ವಿಷಯಕ್ಕೆ ಗಲಾಟೆಯಾಯಿತು. ಸರ್ವೇ ಕಂಪನಿಯ ಒಬ್ಬರು ಡಬ್ಬಿಗಳನ್ನು ತೆರೆದು ಫೋಟೋಗಳನ್ನು ಸಾಲಾಗಿ ನೋಡುತ್ತಾ ಹೋಗಿದ್ದಾರೆ. ಪ್ರತಿ ಊರಿನಲ್ಲೂ ಮನೆ, ಮರ, ಬಾವಿ, ಒಂದು ಅಚ್ಚು ಬೆಲ್ಲ. ಮುನೇಶನಿಗೆ ಫೋನು ಬಂತು: ಇದು ಯಾವ ಸರ್ವೇ ನಂಬರಿನ ಬೆಲ್ಲ, ಇದರ ಮಾಲೀಕರು ಯಾರು, ಪರಿಹಾರ ಕೊಡಬೇಕೇ? ಮುನೇಶನ ಮುಖ ಕೆಂಪಗಾಯಿತು.

"ಲತಾಮಣಿ, ನಿಮ್ಮಜ್ಜಿ ಮೇಲೆ ನಂಗೆ ಗೌರವ ಐತೆ" ಅಂದ ಫೋನು ಇಟ್ಟು. "ಆದ್ರೆ ಇವತ್ತೇ ಎಲ್ಲಾ ಡಬ್ಬೀನಿಂದ್ಲೂ ಆ ಬೆಲ್ಲ ತೆಗ್ದಾಕ್ಬುಡು. ಗುತ್ತಿಗೆ ಹೋಯ್ತದೆ."

"ಆಯ್ತು ಸಾರ್" ಅಂದಳು. ಅವಳಿಗೆ ನಾಚಿಕೆಯಾಗಿತ್ತು. ಸಣ್ಣದೊಂದು ಪ್ರೋಗ್ರಾಮು ಬರೆದು ಒಂದೊಂದೇ ಡಬ್ಬಿಯಿಂದ ಬೆಲ್ಲ ತೆಗೆಯುತ್ತಾ ಬಂದಳು. ಸೀಗೆದೊಡ್ಡಿ ಬಂದಾಗ ನಿಲ್ಲಿಸಿದಳು. ಆ ದಿನವೇ ಅಲ್ಲಿ ತಾತ ಅಜ್ಜಿಯ ಸಾಮಾನುಗಳನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರು. ಮನೆ ಖಾಲಿಯಾಗುತ್ತಿರುವ ಹೊತ್ತಿನಲ್ಲಿ ಇದನ್ನೂ ಖಾಲಿ ಮಾಡಲು ಅವಳಿಗೆ ಮನಸ್ಸು ಒಪ್ಪಲಿಲ್ಲ. ನಾಳೆ ತೆಗೆದರಾಯಿತು ಅಂತ ಅದೊಂದನ್ನು ಬಿಟ್ಟು ಮುಂದಿನದಕ್ಕೆ ಹೋದಳು.

ಮಧ್ಯಾಹ್ನ ಕಾವೇರಮ್ಮನ ಫೋನು ಬಂತು. ಸಾಮಾನು ಏರಿಸುತ್ತಿದ್ದಾಗ ತಾತ ಬಾವಿಕಟ್ಟೆಯ ಮೇಲೆ ಕೂತವನು ಹಾಗೇ ವಾಲಿಬಿಟ್ಟಿದ್ದಾನೆ, ಆಸ್ಪತ್ರೆಗೆ ತಂದಿದ್ದಾರೆ. ಲತಾಮಣಿ ಬ್ಯಾಗು ಎತ್ತಿಕೊಂಡಳು.

"ನೀನ್ ಹೊರಡಮ್ಮ" ಅಂದ ಅಶ್ವಥ್. "ಉಳಿದಿದ್ದೆಲ್ಲಾ ನಾನ್ ನೋಡ್ಕತೀನಿ."

ತಿಮ್ಮಯ್ಯ ಮತ್ತೆ ಏಳಲಿಲ್ಲ. ಒಂದು ಮಾತೂ ಆಡದೆ, ಯಾರಿಗೂ ತೊಂದರೆ ಕೊಡದೆ ಹೊರಟುಹೋದ. ಸೀಗೆದೊಡ್ಡಿಯ ಮಣ್ಣಿನಲ್ಲೇ ಆಗಲಿ ಅಂತ ಅಲ್ಲಿಗೇ ಒಯ್ದು ಮಣ್ಣು ಮಾಡಿದರು. ಆ ಜಾಗ ಇನ್ನೂ ಅವರಿಗೆ ಸಿಗುತ್ತಿದ್ದ ಕೊನೆಯ ದಿನಗಳು ಅವು.

ತಿಥಿಗೆ ಹಾರ ಹಾಕಲು ಒಂದು ಫೋಟೋ ಬೇಕಲ್ಲ. ಹುಡುಕಿದರೆ ತಾತನ ಫೋಟೋ ಒಂದೂ ಇಲ್ಲ. ಓಟಿನ ಕಾರ್ಡಿನಲ್ಲಿ ಒಂದಿತ್ತು, ಅದರಲ್ಲಿ ಮುಖ ಮಸಿ ಬಳಿದಷ್ಟು ಕಪ್ಪು. ಸ್ಟುಡಿಯೋದವನು ಅದನ್ನು ನೋಡಿ ತಲೆಯಾಡಿಸಿದ. ಅಜ್ಜಿ ಮೂಲೆಯಲ್ಲಿ ಕೂತಿದ್ದವಳು ಮೊಮ್ಮಗಳನ್ನು ಹತ್ತಿರ ಕರೆದಳು.

"ಅವತ್ತು ಆ ಸಾಬ್ರ ಹುಡ್ಗ ಬಾವಿ ತಾವ ನಿಲ್ಸಿ ಪೋಟ ಹಿಡ್ದ್ನಲ್ಲ. ಅದು ನಿನ್ ಆಪೀಸ್ನಾಗೆ ಐತೇನ್ ಮಗ?"

"ಐತೆ ಅಜ್ಜಿ."

"ನಂಗೆ ಅದೊಂದು ತಂದ್ಕೊಡು. ಇನ್ನೇನೂ ಕೇಳಾಕಿಲ್ಲ. ಊರೂ ಹೋಯ್ತು, ಅವ್ರೂ ಹೋದ್ರು. ಇಬ್ರೂ ಒಂದ್ರಲ್ಲಿ ಇರೋದು ಅದೊಂದೇ."

ಮಾರನೇ ಬೆಳಿಗ್ಗೆ ಲತಾಮಣಿ ರೈಲು ಹತ್ತಿದಳು. ಒಂದು ಫೋಟೋ ತರುವುದು ಎಷ್ಟರ ಮಾತು ಅಂತ ಅವಳು ಅಂದುಕೊಂಡಿದ್ದಳು.

ಆಫೀಸಿನಲ್ಲಿ ಸದ್ದೇ ಇರಲಿಲ್ಲ. ಮುನೇಶ ಒಬ್ಬನೇ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅಶ್ವಥನ ಕುರ್ಚಿ ಖಾಲಿ, ನಿಯಾಜನ ಬೈಕೂ ಕಾಣಲಿಲ್ಲ. ಇವಳನ್ನು ನೋಡಿ ಮುನೇಶ ಮೊದಲು ತಾತನ ವಿಷಯ ವಿಚಾರಿಸಿದ, ಆಮೇಲೆ ನಿಧಾನವಾಗಿ ನಡೆದದ್ದನ್ನು ಹೇಳಿದ.

ಅಶ್ವಥ್ ಪ್ರತಿ ತಿಂಗಳೂ ಬೇಡದ ಡಬ್ಬಿಗಳನ್ನು ಗುಡಿಸಿಹಾಕುತ್ತಿದ್ದ. ತಾನು ಪರೀಕ್ಷೆಗೆ ಅಂತ ಮಾಡಿದ್ದವು, ಹೆಸರು ತಪ್ಪಿ ಮಾಡಿದ್ದವು, ಇಂಥವು. ಅವನ್ನು ಒಂದೊಂದಾಗಿ ಆರಿಸುವ ಬದಲು ಎಲ್ಲ ಡಬ್ಬಿಗೂ ತೆಗೆದುಹಾಕು ಅಂತ ಒಟ್ಟಿಗೆ ಕಳಿಸಿಬಿಡುತ್ತಿದ್ದ. ತುಂಬಿದ ಡಬ್ಬಿ ನಾನೂರ ಒಂಬತ್ತು ಅಂತ ತಾನೇ ಬೇಡ ಅನ್ನುತ್ತದೆ, ಖಾಲಿ ಇದ್ದದ್ದು ಹೋಗುತ್ತದೆ. ಸೋಮಾರಿಯ ಉಪಾಯ, ಆದರೆ ಒಂದು ಸಲವೂ ಕೈ ಕೊಟ್ಟಿರಲಿಲ್ಲ. ಯಾಕೆ ಕೈ ಕೊಟ್ಟಿರಲಿಲ್ಲ ಅಂತ ಯಾರೂ ಯೋಚಿಸಿರಲಿಲ್ಲ. ಫೋಟೋಗೆ ಕಾಯುತ್ತಿದ್ದ ಡಬ್ಬಿಗಳಲ್ಲೂ ಬೆಲ್ಲ ಇರುತ್ತಿತ್ತು, ಅದಕ್ಕೆ.

ಈ ಸಲ ಬೆಲ್ಲ ಇರಲಿಲ್ಲ. ಕಾಯುತ್ತಿದ್ದ ಡಬ್ಬಿಗಳು ಹೋದವು. ಆಮೇಲೆ ಫೋಟೋ ಕಳಿಸುವ ಪ್ರೋಗ್ರಾಮು ತನ್ನ ಪಾಡಿಗೆ ತಾನು ಆ ಊರುಗಳ ಫೋಟೋಗಳನ್ನು ಕಳಿಸಿತು. ಅಂಥ ಡಬ್ಬಿ ಇಲ್ಲ, ಇಲ್ಲ, ಇಲ್ಲ ಅಂತ ಉತ್ತರ ಬರುತ್ತಲೇ ಇತ್ತು. ಆ ದರಿದ್ರ ಪ್ರೋಗ್ರಾಮು ಉತ್ತರ ಓದುವ ಪೈಕಿಯೇ ಅಲ್ಲ. ಕಳಿಸಿದ್ದಾಯಿತು ಅಂತ ಗುರುತು ಹಾಕಿಕೊಂಡು, ಆಫೀಸಿನ ಕಂಪ್ಯೂಟರಿನಲ್ಲಿ ಜಾಗ ಸಾಲದು ಅಂತ ಇಲ್ಲಿದ್ದದ್ದನ್ನೂ ಅಳಿಸಿಹಾಕಿತ್ತು. ನಿಯಾಜನ ಕ್ಯಾಮೆರಾ ಕಾರ್ಡಿನಲ್ಲಿ ಆಗಲೇ ಬೇರೆ ಊರಿನ ಮನೆ ಮರಗಳು.

"ಪರಿಹಾರಕ್ಕೇನೂ ತೊಂದ್ರೆ ಇಲ್ಲ. ಕಾಗದದಲ್ಲಿ ಮಹಜರು ಆಗೈತೆ" ಅಂದ ಮುನೇಶ. "ಅಶ್ವಥೂ ನಿಯಾಜೂ ಮತ್ತೆ ಫೋಟೋ ತೆಗಿಯಾಕೆ ಅಂತ ಬೆಳಿಗ್ಗೇನೇ ಹೋದ್ರು. ಒಂದ್ ಊರಿಗೆ ಆಗ್ಲೇ ಜೆಸಿಬಿ ಇಳಿದೈತಂತೆ."

ಲತಾಮಣಿ ನಿಂತೇ ಇದ್ದಳು. "ಸಾರ್, ಸೀಗೆದೊಡ್ಡಿ?"

ಮುನೇಶ ಅವಳ ಮುಖ ನೋಡಿದ. "ಅದೂ ಆ ಸಾಲ್ನಲ್ಲೇ ಇತ್ತಲ್ವಾ?" ಅಂತ ಮೆಲ್ಲಗೆ ಕೇಳಿದ.

ಇತ್ತು. ಅದರಲ್ಲಿ ತಾನು ಬೆಲ್ಲ ಬಿಟ್ಟಿದ್ದು ಅವಳಿಗೆ ನೆನಪಿತ್ತು. ಆದರೆ ಉಳಿದಿದ್ದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ ಅಂತ ಅಶ್ವಥ್ ಹೇಳಿದ್ದೂ ನೆನಪಿತ್ತು. ಅವನು ಬಾಯಿ ಜೋರಿನವನಾದರೂ ಹೇಳಿದ ಕೆಲಸ ಬಾಕಿ ಇಡುವವನಲ್ಲ. ಅಶ್ವಥನ ಮೊಬೈಲಿಗೆ ಮಾಡಿದರೆ ಸಿಗ್ನಲ್ ಇಲ್ಲ. ಊರಿಗೆ ಹೋಗಿ ಮತ್ತೆ ಫೋಟೋ ತೆಗೆಯಬಹುದು, ಬಾವಿಯದು, ಮರದ್ದು. ತಾತನನ್ನು ಎಲ್ಲಿಂದ ತಂದು ನಿಲ್ಲಿಸುವುದು?

ಕೂತಳು. ಟೋಕನ್ ಕೇಳಿದಳು, ಬಂತು. ಸೀಗೆದೊಡ್ಡಿ ಡಬ್ಬಿಯಲ್ಲಿ ಏನೇನಿದೆ ಹೇಳು ಅಂತ ಸಾಲು ಬರೆದಳು. ಬರೆದು, ಕಳಿಸದೆ ಹಾಗೇ ಇಟ್ಟಳು. ಕೆಳಗೆ ಹೋಟೆಲಿನಲ್ಲಿ ಯಾರೋ ಇನ್ನೊಂದು ಪ್ಲೇಟ್ ಇಡ್ಲಿಗೆ ಕೂಗುತ್ತಿದ್ದರು. ಈ ಗುಂಡಿ ಒತ್ತುವವರೆಗೆ ತಾತ ಇದ್ದಾನೆ, ಒತ್ತಿದ ಮೇಲೆ ಏನೋ ಅಂತ ಅವಳಿಗೆ ಅನ್ನಿಸಿತಂತೆ. ಆಮೇಲೆ ಒತ್ತಿದಳು.

ಪರದೆಯ ಮೇಲೆ ಮೊದಲು ಬಂದ ಹೆಸರು ಬೆಲ್ಲ.

ಅದರ ಕೆಳಗೆ ಕೊಟ್ಟಿಗೆ, ಹುಣಸೆಮರ, ಮನೆ, ಬಾವಿ, ಒಂದರ ಹಿಂದೆ ಒಂದು ಬರತೊಡಗಿದವು. ಲತಾಮಣಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ಮುನೇಶ ಗಾಬರಿಯಾಗಿ ಎದ್ದು ಬಂದವನು ಪರದೆ ನೋಡಿ, ಕೆಳಗಿಳಿದು ಹೋಗಿ ಅವಳಿಗೆ ಒಂದು ಲೋಟ ಕಾಫಿ ತಂದಿಟ್ಟ.

ಮಧ್ಯಾಹ್ನ ಅಶ್ವಥ್ ಮೈಯೆಲ್ಲ ಧೂಳು ಮಾಡಿಕೊಂಡು ಬಂದ. ಮೆಟ್ಟಿಲ ಹತ್ತಿರವೇ ಲತಾಮಣಿ ಕೇಳಿದಳು: "ಅಶ್ವಥಣ್ಣ, ಸೀಗೆದೊಡ್ಡಿ ಬೆಲ್ಲ ಯಾಕ್ ತೆಗೀಲಿಲ್ಲ?"

ಅಶ್ವಥ್ ಬೇರೆ ಕಡೆ ನೋಡಿದ. "ಮೊದ್ಲು ನೀನ್ ಮರ್ತಿದ್ದೀಯ ಅನ್ಕಂಡೆ. ತೆಗಿಯಾಕೆ ಅಂತ್ಲೇ ಕುಂತಿದ್ದೆ. ಆಮೇಲೆ ಹೆಸ್ರು ನೋಡ್ದೆ. ನಿಮ್ ತಾತ ಅಲ್ಲಿ ಆಸ್ಪತ್ರೇಲಿ ಮಲ್ಗವ್ರೆ, ನಾನ್ ಇಲ್ಲಿ ಅವ್ರ ಊರ್ ಡಬ್ಬಿ ಖಾಲಿ ಮಾಡೋದಾ? ಕೈ ಬರ್ಲಿಲ್ಲ ಕಣಮ್ಮ. ಸಾರ್ ಬಯ್ದ್ರೆ ಬಯ್ಯಿಸ್ಕಂಡ್ರಾಯ್ತು ಅಂತ ಬುಟ್ಬುಟ್ಟೆ." ಅಂಗಿಯ ಧೂಳು ಕೊಡವಿಕೊಂಡು ಅಂದ: "ಮಿಕ್ಕಿದ್ ಊರ್ಗೂ ಒಂದೊಂದ್ ಅಜ್ಜಿ ಇದ್ರು. ನಂಗೆ ಅದು ಹೊಳೀಲಿಲ್ಲ ನೋಡು."

ಜೆಸಿಬಿ ಇಳಿದಿದ್ದ ಆ ಊರಿನ ಫೋಟೋ ಕೊನೆಗೂ ಸಿಗಲಿಲ್ಲ. ಆ ಹೆಸರು ಬಂದಾಗೆಲ್ಲ ಅಶ್ವಥ್ ಎದ್ದು ಕೆಳಗೆ ಹೋಟೆಲಿಗೆ ಹೋಗಿಬಿಡುತ್ತಿದ್ದ.

ಫೋಟೋವನ್ನು ರಾಮನಗರದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಲತಾಮಣಿ ಮನೆಗೆ ತಂದಳು. ಅಜ್ಜಿ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಬಿಳೀ ಅಂಗಿ, ರುಮಾಲು, ಹಿಂದೆ ಬಾವಿಯ ರಾಟೆ, ಅದರಾಚೆ ಸೀಗೆ ಬೇಲಿ. ಎಲ್ಲರೂ ಅಜ್ಜಿ ಅಳುತ್ತಾಳೆ ಅಂತ ಕಾಯುತ್ತಿದ್ದರೆ ಅವಳು ಬೆರಳಿಟ್ಟು ತೋರಿಸಿ ನಕ್ಕಳು.

"ಸಿಲೇಟ್ನ ತಲೆಕೆಳಗಾಗಿ ಹಿಡ್ಕಂಡವ್ರೆ ನೋಡು. ಯಾವತ್ತೂ ಹಿಂಗೇ ಇವ್ರು." ನಗುನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕೇಳಿದಳು: "ಇದ್ನ ಇಷ್ಟ್ ದಿನ ಎಲ್ಲಿ ಮಡಗಿದ್ರಿ?"

"ದೂರ್ದಲ್ಲಿ ಒಬ್ರ ಡಬ್ಬೀಲಿ ಅಜ್ಜಿ. ಬಾಡ್ಗೆಗೆ ಇಸ್ಕೊಂಡಿರೋದು. ಕೆಲ್ಸ ಮುಗಿದ್ ಮೇಲೆ ವಾಪಸ್ ಕೊಡ್ಬೇಕು."

"ಕೊಡು ಮತ್ತೆ. ಇಷ್ಟ್ ದಿನ ಮಡಗವ್ರೆ, ಪುಣ್ಯಾತ್ಮರು" ಅಂದಳು ಅಜ್ಜಿ. "ಖಾಲಿ ಮಾತ್ರ ಕೊಟ್ಗಿಟ್ಟೀಯ."

ಮುಂದಿನ ವರ್ಷ ಗುತ್ತಿಗೆ ಮುಗಿಯಿತು. ಸರ್ವೇ ಕಂಪನಿಯವರು ಎಲ್ಲವನ್ನೂ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ನಿಮ್ಮಲ್ಲಿರುವುದನ್ನು ಅಳಿಸಿ ಅಂದರು. ಲತಾಮಣಿ ಒಂದೊಂದೇ ಊರಿನ ಫೋಟೋಗಳನ್ನು ತೆಗೆದು, ಡಬ್ಬಿ ಖಾಲಿಯಾದ ಮೇಲೆ ಡಬ್ಬಿಯನ್ನೂ ತೆಗೆಯುತ್ತಾ ಬಂದಳು. ಸೀಗೆದೊಡ್ಡಿಯನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅದರ ಕೊಟ್ಟಿಗೆ, ಹುಣಸೆಮರ, ಮನೆ, ಬಾವಿ ಎಲ್ಲ ಹೋದವು. ಬೆಲ್ಲ ಉಳಿಯಿತು. ಡಬ್ಬಿ ತೆಗೆದುಹಾಕು ಅಂತ ಕಳಿಸಿದಳು. ನಾನೂರ ಒಂಬತ್ತು ಬಂತು. ಒಳಗೆ ಏನೋ ಇದೆ, ನಾನು ತೆಗೆಯಲ್ಲ.

ಖಾಲಿ ಮಾಡದೆ ವಾಪಸು ತೆಗೆದುಕೊಳ್ಳುವುದಿಲ್ಲ ಅಂತ ಅವರು. ಖಾಲಿ ವಾಪಸು ಕೊಡಬೇಡ ಅಂತ ಅಜ್ಜಿ. ಲತಾಮಣಿ ಎದ್ದು ಹೋಗಿ ಮುನೇಶನಿಗೆ ಇದನ್ನು ಹೀಗೇ ಹೇಳಿದಳು.

ಮುನೇಶ ಕೆನ್ನೆ ಕೆರೆದುಕೊಂಡ. "ಆ ಬೆಲ್ಲ ನಮ್ದೇ ಅಲ್ವಾ, ಸರ್ವೇ ಕಂಪ್ನಿಯವ್ರದಲ್ವಲ್ಲ" ಅಂದ. "ಇರ್ಲಿ ಬುಡು. ಒಸಿ ಜಾಗ, ನಮ್ ಹೆಸ್ರಲ್ಲೇ ಇರ್ಲಿ."

ಇದ್ದುಬಿಟ್ಟಿತು. ಆಫೀಸು ಆಮೇಲೆ ಆ ಮಹಡಿಯಿಂದ ದೊಡ್ಡ ಕಟ್ಟಡಕ್ಕೆ ಹೋಯಿತು, ಅಶ್ವಥ್ ಕೆಂಪಾಪುರದ ಕಡೆಗೇ ಹೋಗಿ ಸ್ವಂತ ಅಂಗಡಿ ಇಟ್ಟ, ನಿಯಾಜ್ ಮದುವೆ ಮನೆಗಳ ವಿಡಿಯೋ ಹಿಡಿಯುತ್ತಾನೆ. ಸೀಗೆದೊಡ್ಡಿ ಇದ್ದ ಜಾಗದಲ್ಲಿ ನೀಲಿ ತಗಡಿನ ಶೆಡ್ಡುಗಳು ಎದ್ದಿವೆ, ಗೇಟಿನ ಮೇಲೆ ಪ್ಲಾಟ್ ನಂಬರು. ಹಾರೋಹಳ್ಳಿ ಬಸ್ಸಿನ ಕಂಡಕ್ಟರಿಗೆ ಸೀಗೆದೊಡ್ಡಿ ಸ್ಟಾಪ್ ಅಂದರೆ ಈಗ ಗೊತ್ತಾಗುವುದಿಲ್ಲ. ಒಮ್ಮೆ ಅಜ್ಜಿಯನ್ನು ಕರೆದುಕೊಂಡು ಹೋದಾಗ ಅಜ್ಜಿಗೂ ಗೊತ್ತಾಗಲಿಲ್ಲ. ಬಾವಿ ಎಲ್ಲಿತ್ತು ಅಂತ ರಸ್ತೆ ಬದಿ ನಿಂತು ಸುತ್ತಲೂ ನೋಡಿದಳು, ಬಿಸಿಲು ತಡೆಯದೆ ವಾಪಸು ಬಂದರು. ಅದಾದ ಮೇಲೆ ಅಜ್ಜಿ ಆ ಕಡೆಗೆ ಹೋಗೋಣ ಅನ್ನಲಿಲ್ಲ.

ದೊಡ್ಡಲಕ್ಷ್ಮಮ್ಮ ತೀರಿಕೊಂಡ ದಿನ, ಎಲ್ಲ ಮುಗಿಸಿ ಮನೆಗೆ ಬಂದ ಮೇಲೆ, ಲತಾಮಣಿ ಸ್ನಾನ ಮಾಡಿ ಕಂಪ್ಯೂಟರ್ ಮುಂದೆ ಕೂತಳು. ಏನು ಕೇಳಬೇಕು ಅಂತ ಅವಳಿಗೇ ಗೊತ್ತಿರಲಿಲ್ಲ. ಆ ಹಳೆಯ ಗುತ್ತಿಗೆಯ ಖಾತೆಯ ಹೆಸರು, ಗುಟ್ಟಿನ ಪದ ಹೇಳಿ ಟೋಕನ್ ತೆಗೆದುಕೊಂಡು, ನನ್ನ ಹತ್ತಿರ ಯಾವ್ಯಾವ ಡಬ್ಬಿ ಇದೆ ಅಂತ ಕೇಳಿದಳು. ಒಂದೇ ಹೆಸರು ಬಂತು, ಸೀಗೆದೊಡ್ಡಿ. ಅದರೊಳಗೆ ಏನಿದೆ ಅಂತ ಕೇಳಿದಳು.

ಬೆಲ್ಲ ಇದೆ ಅಂತ ಹೇಳಿತು.